ನಾಗಲಿಂಗಮ್ಮನ ಗಾಳಿ

ನನ್ನ ಅಪ್ಪ ಗುರುಮೂರ್ತಿ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ನಿವೃತ್ತಿಗೆ ಮುಂಚಿನ ವರ್ಷಗಳಲ್ಲಿ ಅವರಿಗೆ ಕೂಡ್ಲಿಗಿಯಿಂದ ಗುಡೇಕೋಟೆ ಕಡೆ ಹೋಗಿಬರುವ ರೂಟು ಬಿದ್ದಿತ್ತು. ಒಂದು ಬೇಸಿಗೆಯಲ್ಲಿ ಆ ಬಸ್ಸಿಗೆ ಒಬ್ಬ ಹೆಂಗಸು ಹತ್ತತೊಡಗಿದಳು. ಐವತ್ತರ ಆಸುಪಾಸು. ಸೆರಗನ್ನು ತಲೆತುಂಬ ಹೊದ್ದು, ಎಡಗೈಯನ್ನು ಅದರೊಳಗೇ ಇಟ್ಟುಕೊಂಡು ಕಿಟಕಿ ಪಕ್ಕ ಕೂರುತ್ತಿದ್ದಳು. ಗುಡೇಕೋಟೆ ದಾಟಿದ ಮೇಲೆ ಬರುವ ಒಂದು ಊರಿಗೆ ಟಿಕೆಟ್ ಕೇಳಿ ಅಲ್ಲಿ ಇಳಿಯುತ್ತಿದ್ದಳು. ಬಸ್ಸು ಕೊನೆಯ ಊರು ಮುಟ್ಟಿ ತಿರುಗಿ ಬರುವಾಗ ಅದೇ ಹುಣಸೆಮರದ ಕೆಳಗೆ ನಿಂತಿರುತ್ತಿದ್ದಳು. ಊರೊಳಗೆ ಹೋಗಿ ಯಾರನ್ನಾದರೂ ಮಾತಾಡಿಸಿ ಬರುವಷ್ಟು ಹೊತ್ತೂ ಅದಲ್ಲ. ಕೆಲವು ವಾರ ಇದೇ ನಡೆದ ಮೇಲೆ ಅಪ್ಪ ಕೇಳಿಯೇಬಿಟ್ಟರು.

"ಯವ್ವಾ, ಯಾರ ಮನಿಗೆ ಬರ್ತೀರಿ ನೀವು?"

"ಯಾರ ಮನಿಗೂ ಇಲ್ರೀ. ಒಂದು ಮನಿ ದೂರದಿಂದ ನೋಡಿ ಹೋಗ್ತೀನಿ."

"ಯಾರದು?"

"ಸತ್ತಾಕಿ ಒಬ್ಬಾಕಿದು," ಅಂದಳು. ಅಂದವಳು ಕಿಟಕಿಯ ಆಚೆ ನೋಡುತ್ತ ಕೂತಳು.

ಆಕೆ ಬಸ್ ಸ್ಟ್ಯಾಂಡಿನ ಹಿಂದಿನ ಗುಡಿಯ ಕಟ್ಟೆಯ ಮೇಲೆ ಮಲಗುತ್ತಾಳೆಂದು ಅಪ್ಪನಿಗೆ ಆಮೇಲೆ ತಿಳಿಯಿತು. ನಮ್ಮ ಮನೆಯ ಮಾಳಿಗೆಯ ಮೇಲೆ ಒಂದು ಕೋಣೆ ಖಾಲಿ ಇತ್ತು. ಕರೆದುಕೊಂಡು ಬಂದರು. ಬಾಗಿಲ ಹೊರಗೇ ನಿಂತು ಆಕೆ ಸೆರಗಿನಿಂದ ಎಡಗೈ ಹೊರತೆಗೆದಳು. ಕೊನೆಯ ಎರಡು ಬೆರಳು ಅಂಗೈಯತ್ತ ಮಡಚಿಕೊಂಡು ಗಟ್ಟಿಯಾಗಿದ್ದವು. "ಮೊದ್ಲ ಈ ಕೈ ನೋಡ್ರಿ. ದೊಡ್ಡ ರೋಗ ಬಂದು ವಾಸಿ ಆದಾಕಿ ನಾನು. ನೋಡಿ, ಆಮ್ಯಾಲೆ ಕ್ವಾಣಿ ಕೊಡ್ರಿ." ಅವ್ವ ಆ ಕೈ ನೋಡಿದಳು. "ಊಟ ಆಗೈತೇನು?" ಎಂದು ಕೇಳಿದಳು. ನಾಗಲಿಂಗಮ್ಮ ನಮ್ಮ ಮನೆಗೆ ಬಂದದ್ದು ಹೀಗೆ. ಆಗ ನಾನು ಕಾಲೇಜಿನಲ್ಲಿದ್ದೆ. ಈಗ ಕೂಡ್ಲಿಗಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಆಕೆಯ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಆ ಮನೆಯವರ ಹೆಸರುಗಳನ್ನೂ ಬದಲಿಸಿದ್ದೇನೆ. ಯಾಕೆಂದು ಓದುತ್ತ ಹೋದಂತೆ ತಿಳಿಯುತ್ತದೆ.

ದುರುಗಪ್ಪ, ಬೊಮ್ಮಮ್ಮ ಎಂಬ ಗಂಡಹೆಂಡಿರ ಹಿರಿಮಗಳು ಆಕೆ. ಮಳೆ ನೆಚ್ಚಿದ ಹೊಲ, ಒಂದಿಷ್ಟು ಕುರಿ. ಬಂಡೆಗುಡ್ಡಗಳ ನಡುವೆ ಕುರಿ ಮೇಯಿಸುತ್ತ, ಪುಟ್ಟ ತಮ್ಮ ಚೌಡಣ್ಣನನ್ನು ಹೆಗಲ ಮೇಲೆ ಹೊತ್ತು ತಿರುಗುತ್ತ ಬೆಳೆದಳು. ಹದಿಮೂರು ನಡೆಯುತ್ತಿದ್ದಾಗ ಒಂದು ದಿನ ರೊಟ್ಟಿ ಸುಡುತ್ತಿದ್ದಳು. ಎಡಗೈಯ ಅಂಚು ಕಾದ ಹಂಚಿಗೆ ತಾಗಿಕೊಂಡೇ ಇತ್ತು. ಚರ್ಮ ಸುಟ್ಟ ವಾಸನೆ ಬಂದ ಮೇಲೆ ಬೊಮ್ಮಮ್ಮ ಓಡಿಬಂದು ಕೈ ಎಳೆದಳೇ ಹೊರತು ಹುಡುಗಿಗೆ ಏನೂ ತಿಳಿದಿರಲಿಲ್ಲ. ಆ ಸಂಜೆ ಬೊಮ್ಮಮ್ಮ ಮಗಳ ರವಿಕೆ ಬಿಚ್ಚಿಸಿ ಬೆನ್ನು, ತೋಳು ಎಲ್ಲ ನೋಡಿದಳು. ಬಣ್ಣ ಹೋದ ಮಚ್ಚೆಗಳಿದ್ದವು. ಗಂಡಹೆಂಡತಿ ಅದನ್ನು ಯಾರಿಗೂ ಹೇಳಲಿಲ್ಲ.

ವಾರ ಕಳೆಯುವುದರೊಳಗೆ ದುರುಗಪ್ಪ ಮಗಳನ್ನು ಕರೆದುಕೊಂಡು ಹೊರಟ. ಬಸ್ಸು, ರೈಲು, ಮತ್ತೆ ಬಸ್ಸು. ಆಂಧ್ರದ ಗಡಿಯಾಚೆ ಕ್ರೈಸ್ತ ಸಿಸ್ಟರುಗಳು ನಡೆಸುತ್ತಿದ್ದ ಒಂದು ಕುಷ್ಠರೋಗಿಗಳ ಕಾಲೊನಿ ಇತ್ತು. ಅದರ ಗೇಟಿನ ಮುಂದೆ ಬೇವಿನ ಮರ. "ಇಲ್ಲೇ ಕುಂದ್ರವ್ವ. ತಂಬಿಗಿ ತುಂಬ ನೀರು ತರ್ತೀನಿ," ಎಂದು ಹೇಳಿ ದುರುಗಪ್ಪ ಹೋದ. ಆಕೆ ಕೂತೇ ಇದ್ದಳು. ನೆರಳು ಮರದ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯಿತು. ಕಡೆಗೆ ಗೇಟು ಕಾಯುವವನು ಬಂದು ಒಳಗೆ ಕರೆದುಕೊಂಡು ಹೋದ.

ಮುಂದಿನ ವರ್ಷ ದುರುಗಪ್ಪ ಬಂದ. ಬಟ್ಟೆಯಲ್ಲಿ ಹೋಳಿಗೆ ಕಟ್ಟಿಕೊಂಡು ಬಂದಿದ್ದ. ಕಾಲೊನಿಯಲ್ಲಿ ಗಂಜಿ, ಅನ್ನ ಬಿಟ್ಟು ಬೇರೆ ಕಾಣದಿದ್ದ ಹುಡುಗಿ ಅವಸರ ಅವಸರವಾಗಿ ತಿಂದಳು.

"ಯಾವ ಹಬ್ಬ ಅಪ್ಪಾ?"

"ಹಬ್ಬ ಅಲ್ಲವ್ವ. ನಿನ್ನ ಹೆಸರಿಂದ ಮಾಡಿದ್ದು." ದುರುಗಪ್ಪ ನೆಲ ನೋಡುತ್ತ ಹೇಳಿದ. "ಜ್ವರ ಬಂದು ಆಸ್ಪತ್ರ್ಯಾಗ ಸತ್ಲು, ಅಲ್ಲೇ ಮಣ್ಣು ಮಾಡಿ ಬಂದೆ ಅಂತ ಊರಾಗ ಹೇಳೀನಿ. ಮೊನ್ನಿ ವರ್ಷದ ತಿಥಿ ಆತು. ನಿನ್ನ ತಮ್ಮ ಬೆಳೀಬೇಕು, ಅವಗ ಹೆಣ್ಣು ಕೊಡಬೇಕು ಮಂದಿ. ತಿಳ್ಕೊಳ್ಳವ್ವ."

ಈ ಸಂಗತಿಯನ್ನು ನಾಗಲಿಂಗಮ್ಮ ನನಗೆ ಹೇಳಿದ್ದು ಬಹಳ ವರ್ಷಗಳ ಮೇಲೆ, ಬಟ್ಟೆ ಒಣಹಾಕುತ್ತ. "ಹೋಳಿಗಿ ಚೊಲೋ ಆಗಿದ್ವು, ಸಮತಾ. ನಮ್ಮವ್ವನ ಕೈಯಾಗಿನ್ವು. ನಂಗ ಹಸಿವಾಗಿತ್ತು. ಮಾತು ಕೇಳಿದ ಮ್ಯಾಲೂ ಉಳಿದಿದ್ದು ತಿಂದೆ. ಬಿಡಾಕ ಆಗ್ಲಿಲ್ಲ." ಕೆಲವು ವರ್ಷ ಬಂದು ಹೋದ ದುರುಗಪ್ಪ ಒಂದು ವರ್ಷ ಬರಲಿಲ್ಲ. ಆಮೇಲೆ ಬರಲೇ ಇಲ್ಲ.

ಕಾಲೊನಿಯಲ್ಲಿ ಒಬ್ಬ ಬಿಳಿಯ ಸಿಸ್ಟರ್ ಇದ್ದರು. ಎಲ್ಲರೂ ದೊಡ್ಡ ಸಿಸ್ಟರ್ ಅನ್ನುತ್ತಿದ್ದರು. ಆಕೆ ಹರೆಯದಲ್ಲೇ ತನ್ನ ದೇಶ ಬಿಟ್ಟು, ಪೆಸಿಫಿಕ್ ಸಮುದ್ರದ ನಡುವಿನ ಫಿಜಿ ದೇಶದಲ್ಲಿ ಮಕೊಂಗಾಯ್ ಎಂಬ ಪುಟ್ಟ ದ್ವೀಪಕ್ಕೆ ದಾದಿಯಾಗಿ ಹೋದವರು. ಆ ಇಡೀ ದ್ವೀಪ ಕುಷ್ಠರೋಗಿಗಳದ್ದು. ಸುತ್ತಲಿನ ಎಷ್ಟೋ ದ್ವೀಪಗಳಿಂದ ಹಡಗಿನಲ್ಲಿ ಅವರನ್ನು ತಂದು ಇಳಿಸುತ್ತಿದ್ದರಂತೆ. ಬೇರೆ ಬೇರೆ ಭಾಷೆಯವರಿಗೆ ಬೇರೆ ಬೇರೆ ಕೇರಿ, ತೋಟ, ಮೀನು ಹಿಡಿಯಲು ದೋಣಿ. ಎಲ್ಲ ಇತ್ತು, ವಾಪಸು ಹೋಗುವ ದಾರಿ ಒಂದನ್ನು ಬಿಟ್ಟು. ಬಹಳ ಕಾಲ ಅಲ್ಲಿದ್ದ ಔಷಧಿ ಒಂದು ಮರದ ಬೀಜದ ಎಣ್ಣೆ. ಅದರ ಬಳಗದ ಮರವನ್ನು ನಮ್ಮ ಘಟ್ಟದ ಕಡೆ ಗರುಡಫಲ ಅನ್ನುತ್ತಾರೆ. ಮಂದವಾದ ಆ ಎಣ್ಣೆಯನ್ನು ಸೂಜಿಯಲ್ಲಿ ಚುಚ್ಚಿದರೆ ದೊಡ್ಡ ಗಂಡಸರೂ ಕೂಗುತ್ತಿದ್ದರಂತೆ. ಗುಣವಾದವರು ಕೆಲವರು, ಅಲ್ಲೇ ಮಣ್ಣಾದವರು ನೂರಾರು. ಗುಡ್ಡದ ಬದಿಗೆ ಶಿಲುಬೆಗಳ ಸಾಲು. ಆಮೇಲೆ ಗುಳಿಗೆ ಬಂತು. ಜನ ಒಬ್ಬೊಬ್ಬರಾಗಿ ಮನೆಗೆ ಹೋದರು. ಕಡೆಗೆ ದ್ವೀಪ ಖಾಲಿಯಾಗಿ ಬಾಗಿಲು ಹಾಕಿತು. ದೊಡ್ಡ ಸಿಸ್ಟರ್ ಅಲ್ಲಿಂದ ನಮ್ಮ ದೇಶಕ್ಕೆ ಬಂದಿದ್ದರು.

ಇದೆಲ್ಲ ಸಂಜೆ ಹೊತ್ತು, ಹುಣ್ಣುಗಳಿಗೆ ಪಟ್ಟಿ ಕಟ್ಟುತ್ತ ಅವರು ಹೇಳುತ್ತಿದ್ದ ಮಾತು. ಅರ್ಧ ತೆಲುಗು, ಅರ್ಧ ಕೈಸನ್ನೆ.

ಒಂದು ಸಂಜೆ ನಾಗಲಿಂಗಮ್ಮನ ಕಾಲಿಗೆ ಪಟ್ಟಿ ಕಟ್ಟುತ್ತಿದ್ದರು. ಆಗ ಆಕೆಗೆ ಹದಿನೆಂಟೋ ಹತ್ತೊಂಬತ್ತೋ. ಏನೋ ನೆನಪಾಗಿ, ತನಗೆ ತಾನೇ ಅನ್ನುವ ಹಾಗೆ "ಅವ್ವಾ" ಅಂದಳು. ದೊಡ್ಡ ಸಿಸ್ಟರ್ ಕೈ ನಿಲ್ಲಿಸಿದರು. ಆಕೆಯ ಮುಖವನ್ನೇ ನೋಡುತ್ತ ನಿಧಾನವಾಗಿ ಹೇಳಿದರು: "ಅವ್ವಾ, ಬಾಗ್ಲಾ ತೆಗಿ."

ತನ್ನ ಅಪ್ಪ ಬರುವುದು ನಿಂತ ಮೇಲೆ ನಾಗಲಿಂಗಮ್ಮ ಬೇರೆಯವರ ಬಾಯಲ್ಲಿ ಕೇಳಿದ ಮೊದಲ ಕನ್ನಡ ಅದು. ಹೇಳಿದವರು ಬಿಳಿಯ ಹೆಂಗಸು. ಮಾತಿನ ರಾಗ ಮಾತ್ರ ಗುಡೇಕೋಟೆ, ಹಡಗಲಿ ಕಡೆಯ ಮುದುಕನೊಬ್ಬನದು.

ದ್ವೀಪದಲ್ಲಿ ಹಿಂದೂಸ್ತಾನದವರದ್ದೂ ಒಂದು ಕೇರಿ ಇತ್ತಂತೆ. ಕಬ್ಬಿನ ತೋಟದ ಕೂಲಿಗೆಂದು ಹಡಗು ಹತ್ತಿ ಹೋದವರು. ಅವರಲ್ಲಿ ಒಬ್ಬ ಮುದುಕ. ಹರೆಯದಲ್ಲಿ ಮದ್ರಾಸಿನ ಬಂದರಿನಲ್ಲಿ ಹಡಗು ಹತ್ತಿದವನು, ರೋಗ ಬಂದು ದ್ವೀಪ ಸೇರಿದವನು. ಸಾಯುವ ಮುಂಚಿನ ತಿಂಗಳುಗಳಲ್ಲಿ ಅವನಿಗೆ ಕಲಿತ ಭಾಷೆಗಳೆಲ್ಲ ಮರೆತುಹೋಗಿ ಒಂದೇ ಭಾಷೆ ಉಳಿಯಿತು. ಅದು ದ್ವೀಪದಲ್ಲಿ ಯಾರಿಗೂ ತಿಳಿಯದು. ಹಡಗಲಿ, ಹಡಗಲಿ ಅನ್ನುತ್ತಿದ್ದ. ಆಮೇಲೆ ಈ ಒಂದು ಮಾತು, ಹಗಲೆಲ್ಲ. ದೊಡ್ಡ ಸಿಸ್ಟರ್‌ಗೆ ಅದು ಬಾಯಿಪಾಠವಾಗಿತ್ತು.

"ಅವನು ಏನು ಕೇಳುತ್ತಿದ್ದ?" ಅಂದರು ಸಿಸ್ಟರ್.

ನಾಗಲಿಂಗಮ್ಮ ಬಾಗಿಲು ತೋರಿಸಿ, ತಟ್ಟಿ, ತನಗೆ ಬರುವ ತೆಲುಗಿನಲ್ಲಿ ಬಿಡಿಸಿ ಹೇಳಿದಳು. ದೊಡ್ಡ ಸಿಸ್ಟರ್ ಬೆಂಚಿನ ಮೇಲೆ ಕೂತುಬಿಟ್ಟರು. "ನಾನು ನೀರು ಕೊಡುತ್ತಿದ್ದೆ," ಎಂದರು. "ಅವನು ಹಾಗೆ ಅಂದಾಗಲೆಲ್ಲ ನೀರು ಕುಡಿಸುತ್ತಿದ್ದೆ. ಕುಡಿಯುತ್ತಿದ್ದ, ಪಾಪ."

ಕಂಡಿರದ ಆ ಮುದುಕ ಅವತ್ತಿನಿಂದ ನಾಗಲಿಂಗಮ್ಮನ ಬೆನ್ನು ಹತ್ತಿದ. ಮಂಪರಿನಲ್ಲಿದ್ದಾಗ ಅವನ ದನಿ ಕೇಳುತ್ತದೆ ಅನ್ನುತ್ತಿದ್ದಳು. ರೋಗ ವಾಸಿಯಾಯಿತು. ಮಡಚಿದ ಬೆರಳು ಹಾಗೇ ಉಳಿದವು. ಕಾಲೊನಿಯಲ್ಲೇ ತಿಮ್ಮಯ್ಯ ಎಂಬ ಬಡಗಿಯನ್ನು ಮದುವೆಯಾದಳು. ಒಳ್ಳೆಯ ಮನುಷ್ಯ, ಮಕ್ಕಳಾಗಲಿಲ್ಲ. ಅವನು ಸತ್ತ ಮೇಲೆ ಕಾಲೊನಿಯ ಆ ಮನೆಯಲ್ಲಿ ಮುದುಕನ ದನಿಯ ಜೊತೆ ಒಬ್ಬಳೇ ಇರಲಾಗಲಿಲ್ಲ. ಹೊರಟುಬಂದಳು. ಊರಿನ ಹುಣಸೆಮರದ ತನಕ ಬಂದಳು. ಅಲ್ಲಿಂದ ಆ ಮನೆ ಕಾಣುತ್ತದೆ. ದುರುಗಪ್ಪ, ಬೊಮ್ಮಮ್ಮ ಇಬ್ಬರೂ ತೀರಿಕೊಂಡು ವರ್ಷಗಳಾಗಿದ್ದವು ಎಂದು ಅಲ್ಲೇ ಯಾರೋ ಮಾತಾಡಿದ್ದು ಕಿವಿಗೆ ಬಿತ್ತು. ಕಟ್ಟೆಯ ಮೇಲೆ ತಲೆ ನರೆತ ಒಬ್ಬ ಗಂಡಸು ಕೂತಿದ್ದ. ಅವನೇ ಚೌಡಣ್ಣ ಇರಬೇಕು ಅಂದುಕೊಂಡಳು. ಹತ್ತಿರ ಹೋಗಲಿಲ್ಲ. ಮುಂದಿನ ವಾರ ಮತ್ತೆ ಬಂದಳು. ನಮ್ಮ ಅಪ್ಪನ ಬಸ್ಸು ಸಿಕ್ಕಿದ್ದು ಆಗ.

ನಮ್ಮ ಮಾಳಿಗೆಯ ಮೇಲೆ ಕೂತು ಆಕೆ ಕೌದಿ ಹೊಲಿಯತೊಡಗಿದಳು. ಹಳ್ಳಿಗಳಿಂದ ಹೆಂಗಸರು ಹಳೆಯ ಸೀರೆಗಳ ಗಂಟು ತಂದು ಕೊಡುವರು, ಹದಿನೈದು ದಿನ ಬಿಟ್ಟು ಕೌದಿ ಒಯ್ಯುವರು. ಬಲಗೈಯಲ್ಲಿ ಸೂಜಿ, ಎಡಗೈ ಬಟ್ಟೆಯ ಮೇಲೆ ಒತ್ತಿಟ್ಟುಕೊಳ್ಳಲು. ಆ ಎಡಗೈಗೆ ಸೂಜಿ ಹೊಕ್ಕರೆ ಆಕೆಗೆ ಗೊತ್ತಾಗುತ್ತಿರಲಿಲ್ಲ. ಬಟ್ಟೆಯ ಮೇಲೆ ಕೆಂಪು ಚುಕ್ಕೆ ಕಂಡಾಗಲೇ ಗೊತ್ತು. ಅದಕ್ಕೇ ಕೆಂಪು ಸೀರೆಯ ಮೇಲೆ ಹೊಲಿಯಲು ಹೆದರುತ್ತಿದ್ದಳು.

ಏಳೆಂಟು ವರ್ಷದ ಹಿಂದೆ ಒಂದು ಭಾನುವಾರ ಆಕೆಯ ಊರಿನಿಂದಲೇ ನಾಗಕ್ಕ ಎಂಬಾಕೆ ಸೀರೆಗಂಟು ತಂದಳು. ಹೊಲಿಯುವವಳು ಯಾರೆಂದು ಆಕೆಗೆ ಗೊತ್ತಿರಲಿಲ್ಲ. ನಾನೂ ಅಲ್ಲೇ ಪೇಪರ್ ತಿದ್ದುತ್ತ ಕೂತಿದ್ದೆ. ನಾಗಕ್ಕ ಎಲೆ ಅಡಿಕೆ ಬಾಯಿಗಿಟ್ಟುಕೊಂಡು ಊರ ಸುದ್ದಿ ಶುರು ಮಾಡಿದಳು.

"ನಮ್ಮೂರಾಗ ಚೌಡಣ್ಣನ ಮಗಳಿಗೆ ಗಾಳಿ ಹಿಡದೈತ್ರೀ. ನಾಗರತ್ನ ಅಂತ. ಬಿ.ಎಡ್. ಮಾಡ್ಯಾಳ, ಚೊಲೋ ಹುಡುಗಿ. ಸಂಜಿ ಆತಂದ್ರ ದನಿನ ಬ್ಯಾರೆ ಆಗ್ತೈತಿ."

"ಯಾರ ಗಾಳಿಯಂತ?" ನಾಗಲಿಂಗಮ್ಮ ತಲೆ ಎತ್ತದೆ ಕೇಳಿದಳು.

"ಆಕಿ ಸೋದರತ್ತಿದು. ನಾಗಲಿಂಗಿ ಅಂತ ಇದ್ಲಂತ, ಸಣ್ಣಾಕಿದ್ದಾಗ ಜ್ವರ ಬಂದು ಸತ್ಲಂತ. ಮದುವಿ ಆಗದ ಸತ್ತಾಕಿ ನೋಡ್ರಿ, ಆಸಿ ಉಳದಿರ್ತೈತಿ. ಈ ಹುಡುಗಿಗೆ ಆಕಿ ಹೆಸರಿನ ಅರ್ಧ ಇಟ್ಟಿದ್ದೇ ತಪ್ಪಾತು."

"ಏನ ಅಂತೈತಿ ಗಾಳಿ?"

"ಅಪ್ಪ ಎಲ್ಲಿ, ತಂಬಿಗಿ ಎಲ್ಲಿ ಅಂತ ಕೇಳ್ತೈತಂತ. ಅಷ್ಟ. ತಂಬಿಗಿ ತಂದು ಕೊಟ್ರ ಒಗೀತಾಳಂತ." ನಾಗಕ್ಕ ದನಿ ತಗ್ಗಿಸಿದಳು. "ಪೂಜಾರಿ ಪರೀಕ್ಷೆ ಮಾಡ್ಯಾನ. ತೋಳಿನ ಮ್ಯಾಲೆ ಕರ್ಪೂರ ಇಟ್ಟು ಹಚ್ಚಿದ್ರ ಆಕಿ ಕಣ್ಣು ಸೈತ ಮಿಟುಕಿಸ್ಲಿಲ್ಲಂತ್ರೀ! ಅಲ್ಲೇ ಬಿಳಿ ಮಚ್ಚಿ ಬ್ಯಾರೆ ಮೂಡೈತಿ. ಸತ್ತಾಕಿ ಕೈ ಊರಿದ ಗುರ್ತಂತ. ಬರೋ ಅಮಾಸಿಗೆ ಬಿಡಿಸ್ತಾರ."

ನಾಗಕ್ಕ ಹೋದ ಮೇಲೆ ನೋಡಿದೆ. ಬಟ್ಟೆಯ ಮೇಲೆ ರಕ್ತ ಹರಡಿತ್ತು. ಸೂಜಿ ಆಕೆಯ ಎಡಗೈಯಲ್ಲಿ ಅರ್ಧ ಇಳಿದಿತ್ತು. ನಾನೇ ಕಿತ್ತೆ.

"ಅದು ಗಾಳಿ ಅಲ್ಲ, ಸಮತಾ," ಅಂದಳು. "ಅದು ನನಗ ಬಂದಿದ್ದ ಜಡ್ಡು." ಆಮೇಲೆ ಬೇರೆಯೇ ದನಿಯಲ್ಲಿ, "ತಂಬಿಗಿ ಮಾತು ಆಕಿಗೆ ಯಾರು ಹೇಳಿದ್ರು? ಅಲ್ಲಿದ್ದೋರು ನಾನು, ನಮ್ಮಪ್ಪ. ಇಬ್ಬರ."

ಆಶಾ ಕಾರ್ಯಕರ್ತೆಗೆ ಹೇಳೋಣ ಎಂದು ನಾನಂದೆ. ಆಕೆ ತಲೆಯಾಡಿಸಿದಳು. "ಸರ್ಕಾರದೋರು ಮನಿ ಮುಂದ ನಿಂತ್ರ ಊರಿಗೆಲ್ಲ ಗೊತ್ತಾಗ್ತೈತಿ. ಇಲ್ಲ ಅಂತ ಸಾಧಿಸ್ತಾರ. ಆಮ್ಯಾಲೆ ಎಲ್ಲಿಗೋ ಕರ್ಕೊಂಡು ಹೋಗಿ ಬಿಟ್ಟು ಬರ್ತಾರ. ನಮ್ಮಪ್ಪ ಮಾಡಿದ್ದ ಮಾಡ್ತಾರ." ಊಟ ಬಿಟ್ಟು ಕೂತಳು. ಅಪ್ಪ ಮೇಲೆ ಹತ್ತಿ ಬಂದು ಮಾತಾಡಿದರು. ನಮ್ಮದು ಬುದ್ಧನನ್ನು ನಂಬಿದ ಮನೆ. ದೆವ್ವ, ಗಾಳಿ ಎಂದರೆ ಅಪ್ಪನಿಗೆ ಸಿಟ್ಟು. ಅವತ್ತು ಸಿಟ್ಟು ಮಾಡಲಿಲ್ಲ.

"ನಾನು ಹೋದ್ರ ಅವರ ಮನಿ ಮರ್ಯಾದಿ ಹೋಗ್ತೈತ್ರೀ," ಅಂದಳು ನಾಗಲಿಂಗಮ್ಮ.

"ನೀವು ಹೋಗದಿದ್ರ ಆ ಹುಡುಗಿ ಕೈ ಹೋಗ್ತೈತಿ," ಅಂದರು ಅಪ್ಪ.

ಅಮಾವಾಸ್ಯೆಯ ದಿನ ನನ್ನ ಸ್ಕೂಟಿಯ ಮೇಲೆ ಇಬ್ಬರೂ ಹೋದೆವು. ಹೊತ್ತು ಇನ್ನೂ ಮುಳುಗಿರಲಿಲ್ಲ. ಚೌಡಣ್ಣನ ಮನೆಯ ಅಂಗಳದಲ್ಲಿ ಒಂದಿಷ್ಟು ಜನ ನಿಂತಿದ್ದರು. ನಡುಮನೆಯಲ್ಲಿ ಹೊಗೆ. ಗೋಡೆಗೆ ಒರಗಿಸಿ ಕೂರಿಸಿದ್ದ ಹುಡುಗಿಯ ಕೂದಲು ಬಿಚ್ಚಿತ್ತು. ಮುದುಕ ಪೂಜಾರಿ ಬೇವಿನ ಸೊಪ್ಪು ಹಿಡಿದು ಎದುರಿಗೆ ಕೂತು ಕೇಳುತ್ತಿದ್ದ.

"ಯಾರು ನೀನು? ಹೆಸರು ಹೇಳು."

"ನಾಗಲಿಂಗಿ," ಅಂದಳು ಹುಡುಗಿ. ಅದು ಓದಿದ ಹೆಣ್ಣುಮಗಳ ದನಿಯಲ್ಲ. ಹನ್ನೆರಡು ಹದಿಮೂರರ ಮಗುವಿನದು. ನನ್ನ ಪಕ್ಕ ನಿಂತಿದ್ದವಳು ನನ್ನ ತೋಳು ಹಿಡಿದಳು. ನಾಗಲಿಂಗಮ್ಮನ ಆ ಹಿಡಿತ ನನಗೆ ಇವತ್ತಿಗೂ ನೆನಪಿದೆ. ತನ್ನ ಸಣ್ಣಂದಿನ ದನಿಯನ್ನು ಬೇರೊಬ್ಬರ ಬಾಯಲ್ಲಿ ಕೇಳಿದವರು ಎಷ್ಟು ಜನ ಇದ್ದಾರು?

ಆಕೆ ಹೊಸ್ತಿಲು ದಾಟಿದಳು, ಹಿಂದೆಯೇ ನಾನು. "ನಾಗಲಿಂಗಿ ನಾನು," ಅಂದಳು.

ಅಂಗಳದಲ್ಲಿ ಒಬ್ಬಾಕೆ ಕಿರುಚಿದಳು. ಚೌಡಣ್ಣ ಧಾವಿಸಿ ಬಂದು ಬಾಗಿಲು ಹಾಕಿದ. ಒಳಗೆ ಉಳಿದವರು ಅವನು, ಅವನ ಹೆಂಡತಿ, ಹುಡುಗಿ, ಪೂಜಾರಿ, ನಾವಿಬ್ಬರು.

"ನಮ್ಮಕ್ಕ ಸತ್ತಾಳ," ಅಂದ ಚೌಡಣ್ಣ.

"ಹೌದಪ್ಪ. ಆ ತಿಥಿ ಹೋಳಿಗಿ ನಾನೂ ತಿಂದೀನಿ." ಆಕೆ ಸೆರಗು ಸರಿಸಿದಳು. "ಹಳ್ಳದ ದಂಡ್ಯಾಗ ಕರಡಿ ಬಂದಾಗ ನಿನ್ನ ಹೆಗಲ ಮ್ಯಾಲೆ ಹಾಕ್ಕೊಂಡು ಓಡಿದ್ದು ಯಾರು? ಹೆದರಿ ನನ್ನ ಬೆನ್ನ ಮ್ಯಾಲೆ ಉಚ್ಚಿ ಹೊಯ್ಕೊಂಡಿದ್ದಿ. ಯಾರಿಗೂ ಹೇಳಬ್ಯಾಡ ಅಂದಿದ್ದಿ. ನಾ ಹೇಳಿಲ್ಲ."

ಚೌಡಣ್ಣ ನಿಂತಲ್ಲೇ ಕೂತ.

ನಾಗಲಿಂಗಮ್ಮ ಹುಡುಗಿಯ ಹತ್ತಿರ ಕೂತಳು. ಅವಳ ತೋಳಿನ ಮೇಲೆ ರೂಪಾಯಿ ಬಿಲ್ಲೆಗಿಂತ ದೊಡ್ಡದಾದ ಮಸುಕು ಮಚ್ಚೆ. ಅದರ ನಡುವೆ ಕರ್ಪೂರ ಸುಟ್ಟ ಗಾಯ ಒದ್ದೆಯಾಗಿತ್ತು. "ಕಣ್ಣು ಮುಚ್ಚವ್ವ. ನಾ ಎಲ್ಲಿ ಮುಟ್ತೀನಿ ಅಲ್ಲಿ ಬೆರಳಿಟ್ಟು ತೋರ್ಸು." ನನ್ನ ಬಾಲ್‌ಪೆನ್ನಿನ ತುದಿಯಿಂದ ಅಂಗೈ ಮುಟ್ಟಿದಳು. ಹುಡುಗಿ ತೋರಿಸಿದಳು. ಮೊಣಕೈ ಮುಟ್ಟಿದಳು. ತೋರಿಸಿದಳು. ಮಚ್ಚೆಯ ಮೇಲೆ ಮುಟ್ಟಿದಳು. ಹುಡುಗಿ ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದಳು.

"ಸಮತಾ, ಈಕಿ ಮೊಣಕೈ ಹಿಂದ ಒಂದು ನರ ಐತಿ. ದಪ್ಪ ಆಗೈತೇನು ನೋಡು. ನನ್ನ ಬೆರಳಿಗೆ ಗೊತ್ತಾಗಂಗಿಲ್ಲ." ನಾನು ಮುಟ್ಟಿದೆ. ಚರ್ಮದ ಅಡಿಯಲ್ಲಿ ಹಗ್ಗದ ಎಳೆಯೊಂದು ಜಾರಿದ ಹಾಗಾಯಿತು.

"ಈಗ ಇದಕ್ಕ ಗುಳಿಗಿ ಅದಾವಪ್ಪ," ಆಕೆ ತಮ್ಮನಿಗೆ ಹೇಳಿದಳು. "ಪುಗಸಟ್ಟೆ ಕೊಡ್ತಾರ. ತಿಂಗಳಿಗೊಮ್ಮೆ ಕೂಡ್ಲಿಗಿಗೆ ಬಂದು ಒಯ್ದ್ರ ಮುಗೀತು. ಮೊದಲನೇ ಗುಳಿಗಿ ನುಂಗಿದ ಮ್ಯಾಲೆ ಒಬ್ಬರಿಂದ ಒಬ್ಬರಿಗೆ ಹತ್ತಂಗಿಲ್ಲ. ನನ್ನ ಹಂಗ ಎಲ್ಲಿಗೂ ಕಳಸಬ್ಯಾಡ."

ಚೌಡಣ್ಣ ತಲೆ ಎತ್ತಿದ. "ನೀ ಜೀವಂತ ಅದಿ, ನಿನಗ ಆ ಜಡ್ಡು ಬಂದಿತ್ತು ಅಂತ ಗೊತ್ತಾದ್ರ ನನ್ನ ಮಗಳನ್ನ ಯಾರು ತಗೋತಾರ?" ಅವನು ಅಕ್ಕನನ್ನು ನೋಡದೆ ಕೇಳಿದ. "ಊರಿಗೆ ಏನ ಹೇಳ್ಲಿ? ಅಂಗಳದಾಗ ಮಂದಿ ನಿಂತಾರ."

ಉತ್ತರ ಕೊಟ್ಟವನು ಪೂಜಾರಿ. ಅಷ್ಟು ಹೊತ್ತೂ ಅವನು ಆ ಸುಟ್ಟ ಗಾಯವನ್ನೇ ನೋಡುತ್ತ ಕೂತಿದ್ದ. "ಗಾಳಿ ಬಿಟ್ಟು ಹೋಗ್ಬೇಕಲ್ಲ," ಅಂದ. "ಮಂದಿ ಅದನ್ನ ನೋಡಾಕ ಬಂದಾರ. ಹೋಗ್ಲಿ." ನಾಗಲಿಂಗಮ್ಮನ ಕಡೆ ತಿರುಗಿ ಕೈ ಮುಗಿದ. "ನೀವ ಹೋಗ್ರೆವ್ವ. ಗಡಿ ದಾಟೋ ತನಕ."

ಏನು ಹೇಳುತ್ತಿದ್ದಾನೆಂದು ನನಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಆಕೆಗೆ ತಕ್ಷಣ ತಿಳಿದಿತ್ತು. ಗಾಳಿಗೆಂದು ತಂದಿಟ್ಟಿದ್ದ ಹಸಿರು ಸೀರೆಯನ್ನು ತಾನೇ ಎತ್ತಿಕೊಂಡು ಹೊದ್ದಳು. ಬುತ್ತಿಯ ಗಂಟನ್ನು ಬಲಗೈಯಲ್ಲಿ ಹಿಡಿದಳು. ಪೂಜಾರಿ ಬಾಗಿಲು ತೆರೆದು ಗಂಟೆ ಬಾರಿಸುತ್ತ ಕೂಗಿದ: ಗಾಳಿ ಹೊಂಟೈತಿ, ಯಾರೂ ನೋಡಬ್ಯಾಡ್ರಿ, ಬಾಗಲಾ ಹಾಕ್ಕೊಳ್ಳಿರಿ!

ಅಂಗಳದವರು ಓಡಿದರು. ಬೀದಿಯ ಉದ್ದಕ್ಕೂ ಕದಗಳು ಬಡಿದುಕೊಂಡವು, ಅಗುಳಿ ಬಿದ್ದವು. ಮುಂದೆ ಪೂಜಾರಿ, ಹಿಂದೆ ಮುಸುಕು ಹೊದ್ದ ಆಕೆ, ಸ್ವಲ್ಪ ದೂರದಲ್ಲಿ ಸ್ಕೂಟಿ ತಳ್ಳುತ್ತ ನಾನು. ನಲವತ್ತೈದು ವರ್ಷಗಳ ಮೇಲೆ ಹುಟ್ಟಿದೂರಿನ ಬೀದಿಯಲ್ಲಿ ಆಕೆ ನಡೆದದ್ದು ಹಾಗೆ. ಒಂದು ಮನೆಯೊಳಗೆ ಅಳುತ್ತಿದ್ದ ಕೂಸಿನ ಬಾಯನ್ನು ಯಾರೋ ಕೈಯಿಂದ ಮುಚ್ಚಿದ್ದು ಕೇಳಿಸಿತು. ಆಕೆ ಅವಸರ ಮಾಡಲಿಲ್ಲ. ಒಂದೊಂದು ಮನೆಯ ಮುಂದೆಯೂ ಹೆಜ್ಜೆ ತಡೆದು, ಇದು ಇಂಥವರ ಮನೆ ಎಂದು ಗುರುತು ಹಿಡಿಯುವವಳ ಹಾಗೆ ಮುಖ ತಿರುಗಿಸಿ ನೋಡಿ ಮುಂದೆ ಹೋಗುತ್ತಿದ್ದಳು. ಬಾವಿಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಂತಳು. ಗಡಿಯ ಕಲ್ಲು ದಾಟಿದ ಮೇಲೆ ಪೂಜಾರಿ ಹಿಂದಿರುಗಿ ನೋಡದೆ ಹೋದ. ನಾನು ಸ್ಕೂಟಿ ಚಾಲೂ ಮಾಡಿದೆ. ಆಕೆ ಹಸಿರು ಸೀರೆಯಲ್ಲೇ ಹಿಂದೆ ಹತ್ತಿ ಕೂತಳು.

ನಾಗರತ್ನಳಿಗೆ ಗಾಳಿ ಬಿಟ್ಟಿತು ಎಂದು ಊರು ನಂಬಿತು. ತರಬೇತಿ ಇದೆ ಎಂದು ಮನೆಯಲ್ಲೇ ಒಂದು ಸುಳ್ಳು ಹೆಣೆದುಕೊಂಡು ಅವಳು ತಿಂಗಳಿಗೊಮ್ಮೆ ಕೂಡ್ಲಿಗಿಗೆ ಬಂದಳು. ಆಸ್ಪತ್ರೆಯಲ್ಲಿ ತಿಂಗಳಿಗಾಗುವಷ್ಟು ಗುಳಿಗೆ ಕೊಡುತ್ತಿದ್ದರು. ಅಲ್ಲಿಂದ ನೇರ ನಮ್ಮ ಮಾಳಿಗೆಗೆ. ಮೊದಲ ಸಲ ಉಚ್ಚೆ ಕೆಂಪಗಾಯಿತೆಂದು ಹೆದರಿ ಫೋನು ಮಾಡಿದಾಗ ನಾಗಲಿಂಗಮ್ಮ ನಕ್ಕಳು. "ರಕ್ತ ಅಲ್ಲವ್ವ, ಗುಳಿಗಿ ಬಣ್ಣ." ಆಕೆ ನಕ್ಕದ್ದನ್ನು ನಾನು ಹೆಚ್ಚು ಸಲ ಕಂಡಿಲ್ಲ. ಅತ್ತೆ, ಸೊಸೆ ಕೂತು ಕೌದಿ ಹೊಲಿಯುತ್ತಿದ್ದರು. ಔಷಧಿ ಮುಗಿಯುವ ಹೊತ್ತಿಗೆ ಮಚ್ಚೆಯ ಬಣ್ಣ ತಿರುಗಿತು. ಸುಟ್ಟ ಕಲೆ ಉಳಿಯಿತು. ಬೆರಳುಗಳು ನೆಟ್ಟಗೇ ಇದ್ದವು.

ಇಲ್ಲಿಗೆ ಮುಗಿದಿದ್ದರೆ ನನ್ನಂಥವಳಿಗೆ ಒಪ್ಪಿಗೆಯಾಗುತ್ತಿತ್ತು. ಆದರೆ ಔಷಧಿ ಮುಗಿದ ಮೇಲೆ ಒಂದು ಮಧ್ಯಾಹ್ನ, ಬಿಸಿಲು ಕೋಣೆಯ ತುಂಬ ಇದ್ದಾಗ, ಹೊಲಿಯುತ್ತಿದ್ದ ನಾಗರತ್ನಳ ಕೈ ನಿಂತಿತು. ತಲೆ ಒಂದು ಕಡೆ ವಾಲಿತು. ನಾನು ಅಲ್ಲೇ ಇದ್ದೆ. ಅಪ್ಪ ಮೆಟ್ಟಿಲ ಮೇಲೆ ಇದ್ದರು.

"ಅಪ್ಪ ಎಲ್ಲಿ?" ಎಂದು ಕೇಳಿತು ಆ ಮಗುವಿನ ದನಿ. "ನೀರು ತರ್ತೀನಿ ಅಂದಿದ್ದ. ಬಿಸಲು ಬಂತು."

ನಾಗಲಿಂಗಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿ ಇಟ್ಟಳು. ಹೆದರಿದ ಹಾಗೆ ಕಾಣಲಿಲ್ಲ. ಹತ್ತಿರ ಸರಿದು ಕೂತಳು.

"ಅಪ್ಪ ಬರಂಗಿಲ್ಲವ್ವ."

"ಯಾಕ?"

"ಅವಗ ಧೈರ್ಯ ಸಾಲ್ಲಿಲ್ಲ. ನಾ ಅದೀನಲ್ಲ. ಹಸಿವಾಗೈತೇನು?"

"ಹೂಂ."

ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ ತುತ್ತು ತುತ್ತಾಗಿ ತಿನ್ನಿಸಿದಳು. ಮಗುವಿನ ಹಾಗೇ ತಿಂದಳು ಹುಡುಗಿ, ಬಾಯಿ ತೆರೆತೆರೆದು. ಆಮೇಲೆ ಆಕೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಎದ್ದಾಗ ಬರೀ ನಾಗರತ್ನ. ಏನೂ ನೆನಪಿರಲಿಲ್ಲ. ಅಪ್ಪ ಯಾವಾಗಲೋ ಕೆಳಗೆ ಇಳಿದು ಹೋಗಿದ್ದರು. ಆ ವಿಷಯ ಇವತ್ತಿನವರೆಗೂ ನಮ್ಮಿಬ್ಬರ ನಡುವೆ ಬಂದಿಲ್ಲ.

ಬೊಮ್ಮಮ್ಮ ಮೊಮ್ಮಗಳಿಗೆ ಎಂದೋ ಹೇಳಿರಬೇಕು ಎಂದು ನಾನು ತರ್ಕ ಮಾಡುತ್ತೇನೆ. ದುರುಗಪ್ಪ ಹೆಂಡತಿಗೆ ಹೇಳಿರುತ್ತಾನೆ, ಅವಳು ಮುಚ್ಚಿಟ್ಟುಕೊಂಡು ಸಾಕಾಗಿ ಮಲಗಿದ ಕೂಸಿನ ಕಿವಿಯಲ್ಲಿ ಆಡಿರುತ್ತಾಳೆ. ಅಜ್ಜಿ ಆ ಹೆಸರನ್ನೇ ಎತ್ತುತ್ತಿರಲಿಲ್ಲ ಅನ್ನುತ್ತಾಳೆ ನಾಗರತ್ನ. ಆ ದನಿ ಮತ್ತೆ ಬಂದಿಲ್ಲ.

ನಾಗರತ್ನ ಈಗ ಕೊಟ್ಟೂರಿನ ಶಾಲೆಯೊಂದರಲ್ಲಿ ಟೀಚರ್. ಹರಪನಹಳ್ಳಿ ಕಡೆಯ ಹುಡುಗನ ಜೊತೆ ಮದುವೆಯಾಯಿತು. ಗುಳಿಗೆಯ ವಿಷಯವನ್ನು ಮದುವೆಗೆ ಮುಂಚೆ ಅವಳೇ ಅವನಿಗೆ ಹೇಳಿದಳು. ಅವನು ಒಂದು ವಾರ ಫೋನು ಮಾಡಲಿಲ್ಲ, ಆಮೇಲೆ ಮಾಡಿದ. ಸತ್ತ ಅತ್ತೆ ಬದುಕಿರುವ ವಿಷಯ ಅವನಿಗೂ ಗೊತ್ತು, ಅವನ ಮನೆಯವರಿಗೆ ಗೊತ್ತಿಲ್ಲ. ಮದುವೆಗೆ ನಾಗಲಿಂಗಮ್ಮ ಹೋಗಲಿಲ್ಲ.

ಹೋದ ತಿಂಗಳು ಚೌಡಣ್ಣ ಮೊದಲ ಸಲ ನಮ್ಮ ಮನೆಗೆ ಬಂದ. ಜೋಳದ ಚೀಲ ಕೆಳಗಿಳಿಸಿ ಮಾಳಿಗೆಯ ಮೆಟ್ಟಿಲು ಹತ್ತತೊಡಗಿದವನು ಅರ್ಧಕ್ಕೆ ನಿಂತು, ಅಲ್ಲೇ ಕೂತ. ನಾಗಲಿಂಗಮ್ಮ ಇಳಿದು ಬಂದು ಅವನಿಗಿಂತ ಎರಡು ಮೆಟ್ಟಿಲು ಮೇಲೆ ಕೂತಳು. ಶೇಂಗಾ ಹೊಲಕ್ಕೆ ಕರಡಿ ಬರುತ್ತಿರುವುದು, ಬಾವಿ ಮುಚ್ಚಿಸಿ ನಲ್ಲಿ ಹಾಕಿಸಿದ್ದು, ಯಾರ್ಯಾರು ಹೋದರು ಎಂಬುದು, ಇಷ್ಟೇ ಮಾತು. ಅವನು ಅಕ್ಕಾ ಅನ್ನಲಿಲ್ಲ. ಆಕೆಯೂ ಹೆಸರು ಹಿಡಿಯಲಿಲ್ಲ. ಚಹ ಕುಡಿದು, ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದ.

ನಾನು ಲೋಟ ಎತ್ತಲು ಹೋದಾಗ ಆಕೆ ಇನ್ನೂ ಮೆಟ್ಟಿಲ ಮೇಲೇ ಕೂತಿದ್ದಳು.

"ಸಮತಾ, ನೀ ಕೇಳಿಸ್ಕೊಂತ ಇದ್ದೀ ಅಲ್ಲ," ಅಂದಳು. "ಅಂವ ಮಾತಾಡಿದ್ದು ನನ್ನ ಕೂಡನೋ, ಸತ್ತಾಕಿ ಕೂಡನೋ?"

ಆಕೆ ಉತ್ತರಕ್ಕೆ ಕಾಯದೆ ಕೆಳಗಿಳಿದಳು. ಜೋಳದ ಚೀಲದ ಬಾಯಿ ಬಿಚ್ಚಿ, ಬಲಗೈಯಿಂದ ಒಂದು ಹಿಡಿ ತೆಗೆದು, ಮೂಗಿನ ಹತ್ತಿರ ಹಿಡಿದು ವಾಸನೆ ನೋಡುತ್ತ ಕೂತಳು.